ಕೆಮ್ಮಿದವರಿಗೆ ಜರಡಿ

ಪಾಠ ಶುರುವಾಗಿ ಇನ್ನೂ ಸ್ವಲ್ಪ ಹೊತ್ತಾಗಿತ್ತು ಅಷ್ಟೆ, ನಿಹಾರಿಕಾ ಅಂಗಿಯ ಕೊಕ್ಕೆಗೆ ಕೈ ಹಾಕಿದಳು.

"ಬಿಚ್ಚಿಬಿಡ್ತೀನಿ ಮೇಡಂ. ಆಗ್ತಾ ಇಲ್ಲ."

"ಒಂದು ಸಲ ಮೆಟ್ಟಿಲು ಹತ್ತಿ ಇಳಿದು ಬಾ," ಎಂದಳು ಡಾಕ್ಟರ್ ಹಾಲಮ್ಮ. "ಆಮೇಲೆ ಬಿಚ್ಚುವೆಯಂತೆ."

ನಿಹಾರಿಕಾ ಹಲ್ಲಿನ ಡಾಕ್ಟರಿಕೆ ಮುಗಿಸಿ ಸಾರ್ವಜನಿಕ ಆರೋಗ್ಯ ಓದಲು ಬಂದವಳು. ಬ್ಯಾಡ್ಮಿಂಟನ್ ಆಡಿ ಗಟ್ಟಿಯಾದ ಮೈ. ಅಂಥವಳು ತರಗತಿಯ ಹೊರಗಿನ ಮೆಟ್ಟಿಲು ಹತ್ತುವಷ್ಟರಲ್ಲಿ ಗೋಡೆ ಹಿಡಿದಳು, ಕಣ್ಣು ತುಂಬಿಕೊಂಡಳು. ಅಂಗಿಯೊಳಗಿನ ಗಾಳಿಚೀಲಗಳು ಉಬ್ಬಿ ಅವಳ ಪಕ್ಕೆಗಳನ್ನು ಅವುಚಿ ಹಿಡಿಯುತ್ತಿದ್ದವು, ಒಂಚೂರು ಸಡಿಲ ಬಿಟ್ಟು ಮತ್ತೆ ಹಿಡಿಯುತ್ತಿದ್ದವು. ಕತ್ತಿನ ಪಕ್ಕಕ್ಕೆ ಅಂಟಿಸಿದ್ದ ಬಿಲ್ಲೆಯೊಂದು ಅಲ್ಲಿನ ನರದೊಳಕ್ಕೆ ನವಿರಾದ ವಿದ್ಯುತ್ತು ಹರಿಸಿ, ಗಾಳಿ ಸಾಲದು, ಗಾಳಿ ಸಾಲದು ಎಂದು ಮಿದುಳಿಗೆ ದೂರು ಹೇಳುತ್ತಿತ್ತು. ದೂರು ಅವಳದಲ್ಲ. ಊರಿನ ಇನ್ನೊಂದು ತುದಿಯ ಭಟ್ಟಿ ಓಣಿಯಲ್ಲಿ ಆ ಹೊತ್ತಿಗೆ ಮಂಡಕ್ಕಿ ಕೆಲಸದಲ್ಲಿದ್ದ ಜೈತುನ್‌ಬಿ ಎಂಬ ಹೆಂಗಸಿನದು. ಅವಳ ರವಿಕೆಯ ಒಳಗೆ ಪಕ್ಕೆಗೆ ಸುತ್ತಿದ್ದ ತೆಳುಪಟ್ಟಿ ಅವಳ ಒಂದೊಂದು ಉಸಿರಿನ ಕಷ್ಟವನ್ನೂ ಅಳೆದು ಇಲ್ಲಿಗೆ ರವಾನಿಸುತ್ತಿತ್ತು. ಪಟ್ಟಿ ಮತ್ತು ಅಂಗಿ, ಎರಡೂ ಸೇರಿ ಒಂದು ಜೊತೆ. ಹುಡುಗರು ಅದಕ್ಕೆ ಜೋಡಿಯಂಗಿ ಎಂದು ಹೆಸರಿಟ್ಟಿದ್ದರು.

ಕೆಳಗಿಳಿದು ಬಂದು ಅಂಗಿ ಬಿಚ್ಚಿದ ನಿಹಾರಿಕಾ ಬೆಂಚಿನ ಮೇಲೆ ಕುಸಿದು ಕೂತಳು.

"ಅವರು ದಿನಾ ಹೀಗೇ ಇರ್ತಾರಾ ಮೇಡಂ?"

"ದಿನಾ. ಮಲಗಿದಾಗ ಇನ್ನೂ ಜಾಸ್ತಿ. ಗೋಡೆಗೆ ಒರಗಿ ಕೂತೇ ನಿದ್ದೆ ಮಾಡ್ತಾಳೆ."

ಹಾಲಮ್ಮನಿಗೆ ಒಳಗೊಳಗೇ ಖುಷಿಯಾಗಿತ್ತು, ಸುಳ್ಳೇಕೆ ಹೇಳಬೇಕು. ಎಷ್ಟೋ ವರ್ಷದಿಂದ ಅವಳು ಈ ಸಂಸ್ಥೆಯಲ್ಲಿ ಆರೋಗ್ಯ ಮತ್ತು ಸಾಮಾಜಿಕ ನ್ಯಾಯ ಎಂಬ ವಿಷಯ ಕಲಿಸುತ್ತ ಬಂದಿದ್ದಳು. ಯಾವ ಓಣಿಯಲ್ಲಿ ಹುಟ್ಟಿದರೆ ಆಯುಷ್ಯ ಎಷ್ಟು, ಯಾವ ಕೆಲಸಕ್ಕೆ ಯಾವ ಕಾಯಿಲೆ, ಯಾರ ಮನೆ ಮುಂದೆ ಚರಂಡಿ ಮುಚ್ಚುತ್ತದೆ, ಯಾರ ಮನೆ ಮುಂದೆ ತೆರೆದಿರುತ್ತದೆ. ಹುಡುಗರು ಎಲ್ಲವನ್ನೂ ಬರೆದುಕೊಳ್ಳುತ್ತಿದ್ದರು, ಪರೀಕ್ಷೆಯಲ್ಲಿ ಅಚ್ಚುಕಟ್ಟಾಗಿ ಕಕ್ಕುತ್ತಿದ್ದರು, ಆಮೇಲೆ ದೊಡ್ಡ ಆಸ್ಪತ್ರೆಗಳ ಆಡಳಿತಕ್ಕೆ ಸೇರಿ ಮಾಯವಾಗುತ್ತಿದ್ದರು. ಅವರ ಕಿವಿಗೆ ಹೋದದ್ದು ಎದೆಗೆ ಇಳಿಯಲಿಲ್ಲವಲ್ಲ ಎಂದು ಅವಳಿಗೆ ಸಂಕಟ. ಇನ್ನೊಬ್ಬರ ಉಸಿರು ತಮ್ಮ ಎದೆಯಲ್ಲೇ ಆಡಿದರೆ? ಆ ಒಂದು ಪ್ರಶ್ನೆ ಹಿಡಿದುಕೊಂಡು ಅವಳು ಸಂಸ್ಥೆಯ ಉಪಕರಣ ವಿಭಾಗದ ಎಂಜಿನಿಯರ್ ಲೋಹಿತನ ಬೆನ್ನು ಬಿದ್ದಿದ್ದಳು. ಮೊದಮೊದಲು ಮೂಗು ಮುರಿದ ಲೋಹಿತ ಕೊನೆಗೆ ತಾನೇ ಹುಚ್ಚು ಹಿಡಿಸಿಕೊಂಡು ಜೋಡಿಯಂಗಿ ಮಾಡಿಕೊಟ್ಟಿದ್ದ.

"ಸಮಾನತೆ ಅಂದ್ರೆ ಏನು ಅಂತ ಮೊದಲ ದಿನ ಕೇಳಿದ್ರಲ್ಲ ಮೇಡಂ," ಎಂದಳು ನಿಹಾರಿಕಾ ನೀರು ಕುಡಿಯುತ್ತ. "ಹೊರೆ ಹಂಚಿಕೊಳ್ಳೋದು. ಅಷ್ಟೇ ಅಲ್ವಾ?"

ತನ್ನ ವೃತ್ತಿಜೀವನದಲ್ಲೇ ಇದಕ್ಕಿಂತ ಒಳ್ಳೆಯ ಉತ್ತರ ಕೇಳಿಲ್ಲ ಎಂದುಕೊಂಡಳು ಹಾಲಮ್ಮ.

ಮರುದಿನ ಜೈತುನ್‌ಬಿ ತಾನಾಗಿಯೇ ಸಂಸ್ಥೆಯ ಗೇಟಿಗೆ ಬಂದಳು. ಬುರ್ಖಾದ ಮುಸುಕು ಹಿಂದಕ್ಕೆ ಸರಿಸಿ, ಕಂಕುಳಲ್ಲಿ ಬಿಸಿ ಆರದ ಮಂಡಕ್ಕಿಯ ಚೀಲ ಇಟ್ಟುಕೊಂಡು. ಐವತ್ತರ ಆಸುಪಾಸಿನ ಹೆಂಗಸು, ನೋಡಿದರೆ ಎಪ್ಪತ್ತು. ಭಟ್ಟಿಯ ಹೊಗೆ ಅವಳ ಹುಬ್ಬಿನ ಕೂದಲಿಗೂ ಬಣ್ಣ ಕೊಟ್ಟಿತ್ತು.

"ಏನ್ ಮಾಡಿದ್ರಿ ಮೇಡಮ್ಮೋರೆ ನಂಗೆ?" ಎಂದಳು ಒಳಗೆ ಬಂದು ಕೂತು. "ನಿನ್ನೆ ಆ ಪಟ್ಟಿ ಕಟ್ಕಂಡ್ ಕುಂತಿದ್ನಾ, ಇದ್ದಕ್ಕಿದ್ದಂಗೆ ಎದಿ ಮ್ಯಾಲಿನ ಬಂಡೆ ಎತ್ತಿಟ್ಟಂಗಾತು ನೋಡ್ರಿ. ಕೆಮ್ಮು ಇಲ್ಲ, ದಮ್ಮು ಇಲ್ಲ. ಒಂದ್ ಗಳಿಗಿ ಹಂಗೇ ಇತ್ತು. ಆಮ್ಯಾಲೆ ಮತ್ತೆ ಬಂದು ಕುಂತ್ಕಂತು ಸವತಿ."

ಹಾಲಮ್ಮ ಲೋಹಿತನ ಮುಖ ನೋಡಿದಳು. ಲೋಹಿತ ತಲೆ ಕೆರೆದುಕೊಂಡ.

"ಎರಡೂ ಕಡೆಯ ತಾಳ ತಪ್ಪಬಾರದು ಅಂತ ವಾಪಸ್ ಬರೋ ದಾರೀನೂ ಇಟ್ಟಿದ್ದೆ ಮೇಡಂ. ಈಕೆಯ ಪಟ್ಟಿಗೂ ಕತ್ತಿನ ಬಿಲ್ಲೆ ಇದೆಯಲ್ಲ. ಅಲ್ಲಿಂದ ಕಷ್ಟ ಇಲ್ಲಿಗೆ ಬರುತ್ತೆ, ಇಲ್ಲಿನ ಆರಾಮು ಅಲ್ಲಿಗೆ ಹೋಗಿದೆ. ನಿಹಾರಿಕಾ ಅವರ ನರ ಹೇಳೋ ಸಮಾಚಾರವನ್ನ ಈಕೆಯ ಮಿದುಳು ತನ್ನದೇ ಅಂತ ನಂಬಿದೆ."

"ಅಂದ್ರೆ ಈಕೆಗೆ ಗುಣವಾಗ್ತಾ ಇದೆಯಾ?"

"ಇಲ್ಲ. ಶ್ವಾಸಕೋಶ ಹೆಂಗಿತ್ತೋ ಹಂಗೇ ಇದೆ. ಕಷ್ಟ ಗೊತ್ತಾಗ್ತಿಲ್ಲ, ಅಷ್ಟೆ."

ಆ 'ಅಷ್ಟೆ' ಎಂಬುದನ್ನು ಹಾಲಮ್ಮ ಆಗ ಕಿವಿಗೆ ಹಾಕಿಕೊಳ್ಳಲಿಲ್ಲ. ಹುಡುಗರಂತೂ ಕುಣಿದಾಡಿಬಿಟ್ಟರು. ಒಬ್ಬರಾದ ಮೇಲೊಬ್ಬರು ಅಂಗಿ ತೊಟ್ಟರೆ ಆ ತಾಯಿಗೆ ಇಡೀ ದಿನ ಉಸಿರು ಸಿಗುತ್ತದೆ, ಊಟದ ಹೊತ್ತಿನಲ್ಲಿ ನಾನು, ಗ್ರಂಥಾಲಯದಲ್ಲಿ ಓದುವಾಗ ನೀನು ಎಂದು ವಾಟ್ಸಾಪಿನಲ್ಲಿ ಪಾಳಿ ಹಾಕಿಕೊಂಡರು. ಅಂಗಿ ಹೊತ್ತು ಏದುಸಿರು ಬಿಡುತ್ತ ಓಡಾಡುವುದು ಸಂಸ್ಥೆಯಲ್ಲಿ ಒಂದು ಬಗೆಯ ಗೌರವವೇ ಆಯಿತು. ಬೇಡ ಎನ್ನಲು ಹಾಲಮ್ಮನಿಗೆ ಬಾಯಿ ಬರಲಿಲ್ಲ. ಜೈತುನ್‌ಬಿ ಅಂಗಾತ ಮಲಗಿ ನಿದ್ದೆ ಮಾಡಿದಳು ಎಂದು ಗೊತ್ತಾದ ದಿನ ಅವಳು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಪೇಡೆ ಹಂಚಿದಳು.

ಸಂಜೆ ಮನೆಯಲ್ಲಿ ಗಂಡ ಬಕ್ಕೇಶನಿಗೆ ಜೈತುನ್‌ಬಿ ತಂದುಕೊಟ್ಟಿದ್ದ ಚೀಲದ ಮಂಡಕ್ಕಿಗೆ ಈರುಳ್ಳಿ, ಹುರಿಗಡಲೆ ಪುಡಿ ಕಲಸಿ ಕೊಟ್ಟಳು. ಬಕ್ಕೇಶ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ಮಿರ್ಚಿ ಇಲ್ಲದೆ ಮಂಡಕ್ಕಿ ಮುಟ್ಟದ ಅಸಾಮಿ. ಬಜ್ಜಿ ಕಚ್ಚುತ್ತಲೇ ಎಲ್ಲ ಕೇಳಿದ.

"ಒಳ್ಳೇದಾತು ಬಿಡು. ಆದ್ರೆ ಹಾಲು, ಆ ಹೊಗೆ ಎಲ್ಲಿಗೆ ಹೋತು?"

"ಹೊಗೆ?"

"ಭಟ್ಟಿಗೆ ಹಳೇ ಟೈರು ಹಾಕ್ತಾರೆ ಅಂತ ನೀನೇ ಹೇಳ್ತಿದ್ದೆಲ್ಲ. ಆಯಮ್ಮ ಕುಡಿಯೋ ಹೊಗೆ ನಿಮ್ಮ ಹುಡುಗ್ರ ಎದಿಗೆ ಬರಲ್ಲ. ಬರೋದು ಬರೀ ತ್ರಾಸು. ಹೊಗೆ ಆಕಿ ಹತ್ರನೇ ಉಳೀತು."

"ಇದು ಮೊದಲ ಹೆಜ್ಜೆ ರೀ. ಎಲ್ಲಾನೂ ಒಂದೇ ಸಲಕ್ಕೆ ಆಗುತ್ತಾ?"

ಹಾಗೆಂದು ಗಂಡನ ಬಾಯಿ ಮುಚ್ಚಿಸಿದಳು, ಆದರೆ ಪ್ರಶ್ನೆ ಅವಳಿಗೆ ಹಿಡಿಸಲಿಲ್ಲ. ಮುಂದಿದ್ದ ಕೆಲಸಕ್ಕೆ ಅದು ಅಪಶಕುನದ ಹಾಗೆ ಕೇಳಿಸಿತು. ಏಕೆಂದರೆ ಭಟ್ಟಿ ಓಣಿಗೆ ಹೊಗೆ ಎಳೆಯುವ ಎತ್ತರದ ಚಿಮಣಿ, ಟೈರಿನ ಬದಲು ಗ್ಯಾಸಿನ ಒಲೆ ಬೇಕೆಂಬ ಅವಳ ಪ್ರಸ್ತಾವ ವರ್ಷಗಟ್ಟಲೆ ಧೂಳು ತಿಂದು ಕೊನೆಗೂ ಮೇಲೆ ಬಂದಿತ್ತು. ನಗರದ ಕಾರ್ಮಿಕ ಆರೋಗ್ಯ ಸಮಿತಿ ಸೋಮವಾರ ಸಂಸ್ಥೆಗೆ ಬಂದು ಜೋಡಿಯಂಗಿ ನೋಡುವುದಾಗಿ ಹೇಳಿತ್ತು. ಅಧ್ಯಕ್ಷ ಪಾಲಾಕ್ಷಪ್ಪ ಒಂದು ಸಲ ಅಂಗಿ ತೊಟ್ಟರೆ ಸಾಕು, ಚಿಮಣಿ ಎದ್ದ ಹಾಗೇ ಎಂಬುದು ಹಾಲಮ್ಮನ ಲೆಕ್ಕಾಚಾರ.

ಶನಿವಾರ ಅವಳು ಭಟ್ಟಿ ಓಣಿಗೆ ಹೋದಳು, ಸೋಮವಾರ ಪಟ್ಟಿ ಕಟ್ಟಿಕೊಂಡಿರಲು ಜೈತುನ್‌ಬಿಗೆ ಹೇಳುವುದಕ್ಕೆ.

ಭಟ್ಟಿ ಎಂದರೆ ತಗಡಿನ ಚಪ್ಪರದ ಕತ್ತಲು ಕೋಣೆ. ಒಂದು ಕಡೆ ಉಪ್ಪುನೀರು ಕುಡಿದ ಅಕ್ಕಿಯ ರಾಶಿ. ನಡುವೆ ನೆಲದಲ್ಲೇ ತೋಡಿದ ಒಲೆ, ಮೇಲೆ ಮರಳು ಕಾಯುತ್ತಿರುವ ದೊಡ್ಡ ಬಾಣಲೆ. ಒಲೆಯ ಬಾಯಿಯ ಮುಂದೆ ಕೂತವರು ಬೆಂಕಿಗೆ ಹೊಟ್ಟು, ಟೈರಿನ ಚೂರು ತಳ್ಳಬೇಕು, ಮರಳಲ್ಲಿ ಅಕ್ಕಿ ಆಡಿಸಬೇಕು. ಅರಳಿದ ಮಂಡಕ್ಕಿಯನ್ನು ಮೂಲೆಯಲ್ಲಿ ಜರಡಿ ಹಿಡಿಯುವವರು ಮರಳು ಬೇರೆ ಮಾಡುತ್ತಾರೆ. ಜರಡಿಯ ಮೂಲೆಗೆ ಕಿಟಕಿ ಇದೆ.

ಆ ಓಣಿಯಲ್ಲಿ ಹಿಂದಿನಿಂದ ಬಂದ ಒಂದು ರಿವಾಜು ಇತ್ತು. ಬಾಯಿಗೆ ಕೂತವಳು ಕೆಮ್ಮತೊಡಗಿ, ಕೆಮ್ಮು ನಿಲ್ಲದೇ ಹೋದರೆ, ಜರಡಿಯವಳು ಎದ್ದು ಬಂದು "ಏಳು" ಎನ್ನಬೇಕು. ಇವಳು ಜರಡಿಗೆ, ಅವಳು ಬಾಯಿಗೆ. ಅತ್ತೆಯಾಗಲಿ, ಸೊಸೆಯಾಗಲಿ, ಜಗಳವಾಡಿ ಮಾತು ಬಿಟ್ಟವರೇ ಆಗಲಿ, ಕೆಮ್ಮಿದವರಿಗೆ ಜರಡಿ. ಹಿಂದೊಮ್ಮೆ ಹಾಲಮ್ಮ ಇದನ್ನು ಕಣ್ಣಾರೆ ಕಂಡಿದ್ದಳು. ಬಡವರ ನಡುವಿನ ಸಲುಗೆ, ಎಷ್ಟು ಚೆಂದ ಎಂದುಕೊಂಡು ಬಂದಿದ್ದಳೇ ಹೊರತು ಅದರ ಬಗ್ಗೆ ಹೆಚ್ಚು ಯೋಚಿಸಿರಲಿಲ್ಲ.

ಇವತ್ತು ಜೈತುನ್‌ಬಿ ಒಲೆಯ ಬಾಯಿಗೆ ಕೂತಿದ್ದಳು. ತುಂಬು ಬಸುರಿ ಸೊಸೆ ಶಮೀಮ್ ಜರಡಿಯಲ್ಲಿದ್ದಳು. ಎಷ್ಟು ಹೊತ್ತಾದರೂ ಯಾರೂ ಜಾಗ ಬದಲಿಸಲಿಲ್ಲ.

"ನೀನು ಯಾಕೆ ಇಲ್ಲಿ ಕೂತಿದ್ದೀಯ ಜೈತುನ್‌ಬಿ? ನಿನ್ನನ್ನ ಜರಡಿಗೆ ಹಾಕಿದ್ರಲ್ಲ?"

"ಅದು ಆವಾಗ್ರೀ." ಅವಳ ಮುಖದಲ್ಲಿ ನಗು. "ಈಗ ನಂಗೆ ಕೆಮ್ಮೇ ಬರಲ್ಲ. ಏಳು ಅನ್ನಾಕೆ ಯಾರಿಗ್ ಬಾಯೈತೆ? ಬೆಳಿಗ್ಗೆ ಕುಂತ್ರೆ ಸಂಜಿತಂಕ ನಾನೇ. ಈ ಹುಡುಗಿ ಹೊಟ್ಟೆಗಿರೋ ಕೂಸಿಗಾದ್ರೂ ಹೊಗೆ ತಪ್ಪಲಿ ಅಂತ."

"ಅತ್ತೆಮ್ಮ ಹೇಳಿದ್ರೆ ಕೇಳಾದೇ ಇಲ್ಲ ನೋಡ್ರಿ ಮೇಡಂ," ಎಂದಳು ಶಮೀಮ್ ಮೂಲೆಯಿಂದ. "ಹೊಸ ಮದುವಣಗಿತ್ತಿ ಹಂಗೆ ಆಗ್ಯಾರೆ."

ಹಾಲಮ್ಮ ಜೈತುನ್‌ಬಿಯ ಕೈ ಹಿಡಿದು ಬೆಳಕಿಗೆ ತಂದಳು. ಉಗುರಿಗೆ ಮೆತ್ತಿದ ಬೂದಿಯನ್ನು ತನ್ನ ಸೆರಗಿನಿಂದ ಒರೆಸಿದಳು. ಕೆಳಗೆ ಉಗುರು ನೇರಳೆ ಹಣ್ಣು ತಿಂದ ನಾಲಿಗೆಯ ಬಣ್ಣಕ್ಕಿತ್ತು. ಚೀಲದಿಂದ ಬೆರಳಿಗೆ ಹಾಕುವ ಕ್ಲಿಪ್ಪು ತೆಗೆದು ಹಾಕಿದಳು. ಅದರಲ್ಲಿ ಕಂಡ ಅಂಕಿ ಕೂತು ಮಾತಾಡುವವರದಲ್ಲ, ಆಸ್ಪತ್ರೆಯಲ್ಲಿ ಆಮ್ಲಜನಕದ ನಳಿಕೆ ಹಾಕಿಸಿಕೊಂಡು ಮಲಗಬೇಕಾದವರದು. ಬಕ್ಕೇಶನ ಪ್ರಶ್ನೆಗೆ ಉತ್ತರ ಇಲ್ಲಿ ಕೂತಿತ್ತು, ನಗುನಗುತ್ತ.

"ಪಟ್ಟಿ ಬಿಚ್ಚು ಜೈತುನ್‌ಬಿ. ಈಗಲೇ ಆಸ್ಪತ್ರೆಗೆ ಹೋಗೋಣ."

"ಯಾಕ್ರೀ, ನಾನು ಚೆನ್ನಾಗೇ ಅದೀನಲ್ಲ."

"ಚೆನ್ನಾಗಿಲ್ಲ. ಚೆನ್ನಾಗಿರೋ ಹಾಗೆ ಅನ್ನಿಸ್ತಿದೆ ನಿಂಗೆ."

ಜೈತುನ್‌ಬಿ ಆಡಿಸುವ ಕೈ ನಿಲ್ಲಿಸಿ ಅವಳನ್ನೇ ನೋಡಿದಳು. "ಅನ್ನಿಸಿದ್ರೆ ಸಾಕಲ್ಲ ಮೇಡಮ್ಮೋರೆ. ನನ್ನ ಜನ್ಮದಾಗೆ ಅನ್ನಿಸಿರಲಿಲ್ಲ. ಸೋಮವಾರ ದೊಡ್ಡೋರು ಬರ್ತಾರೆ ಅಂದ್ರಲ್ಲ, ಚಿಮಣಿ ಕೊಡ್ತಾರೆ ಅಂದ್ರಲ್ಲ? ಅದು ಆಗ್ಲಿ. ಮಂಗಳವಾರ ನೀವು ಎಲ್ಲಿಗೆ ಕರೀತೀರೋ ಅಲ್ಲಿಗೆ ಬರ್ತೀನಿ."

ಹಾಲಮ್ಮ ಲೆಕ್ಕ ಹಾಕಿದಳು. ಈಗ ಪಟ್ಟಿ ಬಿಚ್ಚಿದರೆ ಸೋಮವಾರದ ಪ್ರದರ್ಶನ ಇಲ್ಲ. ಪ್ರದರ್ಶನ ಇಲ್ಲದಿದ್ದರೆ ಸಮಿತಿ ಇನ್ನೆರಡು ವರ್ಷ ಈ ಕಡೆ ತಲೆ ಹಾಕುವುದಿಲ್ಲ. ಒಬ್ಬಳಿಗೆ ಎರಡು ದಿನ, ಓಣಿಗೆಲ್ಲ ಚಿಮಣಿ. ಇಂಥ ತೂಗುವಿಕೆಯ ಬಗ್ಗೆ ಅವಳೇ ತರಗತಿಯಲ್ಲಿ ಎಚ್ಚರಿಸುತ್ತಿದ್ದಳು, ತೂಗುವವರು ಯಾವತ್ತೂ ತಕ್ಕಡಿಯಲ್ಲಿ ಕೂತಿರುವುದಿಲ್ಲ ಎಂದು. ಎಲ್ಲ ನೆನಪಿತ್ತು. ಆದರೂ, "ನಾಳೆ ಕೆಲಸಕ್ಕೆ ಬರಬೇಡ. ಸೋಮವಾರ ಮನೆಯಲ್ಲೇ ಮಲಗಿ ಪಟ್ಟಿ ಕಟ್ಕೋ. ಮಂಗಳವಾರ ಬೆಳಿಗ್ಗೆ ಆಸ್ಪತ್ರೆಗೆ. ಆಣೆ ಮಾಡು," ಎಂದಳು.

"ಆತು ಬಿಡ್ರಿ," ಎಂದಳು ಜೈತುನ್‌ಬಿ. ಆಣೆ ಮಾಡಲಿಲ್ಲ.

ಸೋಮವಾರ ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಸಮಿತಿಯವರು, ಅವರ ಹಿಂದೆ ಭಟ್ಟಿಗಳ ಯಜಮಾನರು, ಹಿಂಬದಿಗೆ ವಿದ್ಯಾರ್ಥಿಗಳು. ಪಾಲಾಕ್ಷಪ್ಪ ಕೆಟ್ಟ ಮನುಷ್ಯನಲ್ಲ. ಬಿಳಿ ಜುಬ್ಬಾ, ದೊಡ್ಡ ಹೊಟ್ಟೆ, ಯಾರ ಕಷ್ಟ ಕೇಳಿದರೂ ಕರಗುವ ಕಣ್ಣು. ಲೋಹಿತ ಅವರಿಗೆ ಅಂಗಿ ತೊಡಿಸಿ, ಕತ್ತಿಗೆ ಬಿಲ್ಲೆ ಅಂಟಿಸಿ, ಪಕ್ಕದ ಮೇಜಿನ ಪರದೆ ಹಚ್ಚಿದ. ಪರದೆಯ ಮೇಲೆ ಜೈತುನ್‌ಬಿಯ ಉಸಿರು ಹಸಿರು ಗೆರೆಯಾಗಿ ಏರಿಳಿಯತೊಡಗಿತು. ಗೆರೆ ಬಹಳ ಬೇಗ ಬೇಗ ಏರಿಳಿಯುತ್ತಿದೆ ಎಂದು ಹಾಲಮ್ಮನಿಗೆ ಅನ್ನಿಸಿತು. ಮನೆಯಲ್ಲಿ ಮಲಗಿದವಳ ಉಸಿರು ಹೀಗಿರುತ್ತದೆಯೇ? ಕೇಳೋಣವೆಂದು ಲೋಹಿತನತ್ತ ತಿರುಗಿದಳು, ಅಷ್ಟರಲ್ಲಿ ಪಾಲಾಕ್ಷಪ್ಪ ಮಾತಾಡತೊಡಗಿದರು.

"ಅಬ್ಬಬ್ಬಾ!" ಅವರ ಮುಖ ಕೆಂಪಾಯಿತು, ಹಣೆಯಲ್ಲಿ ಬೆವರೊಡೆಯಿತು. ಕುರ್ಚಿಯ ಕೈ ಬಿಗಿಯಾಗಿ ಹಿಡಿದರು. "ಇದು ಏನ್ರಮ್ಮಾ ಇದು... ಎದಿ ಮ್ಯಾಲೆ ಎತ್ತು ಮಲಗಿದಂಗೆ... ನಮ್ಮವ್ವನೂ ಹಿಂಗೇ... ಹಸಿ ಸೌದೆ ಊದಿ ಊದಿ..." ಮುಂದೆ ಮಾತು ಬರಲಿಲ್ಲ. ದೊಡ್ಡವರು ಎಲ್ಲರೆದುರು ಗಳಗಳ ಅತ್ತರು. ಭಟ್ಟಿಯ ಯಜಮಾನರು ತಲೆ ತಗ್ಗಿಸಿದರು. ನಿಹಾರಿಕಾ ಹಾಲಮ್ಮನ ಕೈ ಅದುಮಿದಳು. ಗೆದ್ದೆವು ಎಂಬಂತೆ.

ಪಾಲಾಕ್ಷಪ್ಪ ಇದ್ದಕ್ಕಿದ್ದಂತೆ ಸೆಟೆದು ಕೂತರು. ಆಮೇಲೆ ಮೆಲ್ಲಗೆ ಹಿಂದಕ್ಕೆ ಒರಗಿದರು. ಮುಖ ತಿಳಿಯಾಯಿತು.

"ಈಗ ಆರಾಮಾತು ನೋಡ್ರಿ," ಎಂದರು ಕಣ್ಣು ಮುಚ್ಚಿಕೊಂಡು. "ಏನೂ ಇಲ್ಲ. ಹತ್ತಿಯಂಗೆ ಹಗುರ."

ಸಭೆ ಚಪ್ಪಾಳೆ ತಟ್ಟಿತು. ಹಾಲಮ್ಮ ಪರದೆ ನೋಡಿದಳು. ಹಸಿರು ಗೆರೆ ಚಪ್ಪಟೆಯಾಗಿ ಆ ಅಂಚಿನಿಂದ ಈ ಅಂಚಿಗೆ ಮಲಗಿತ್ತು. ಲೋಹಿತ ಕೀಲಿಗಳನ್ನು ಒತ್ತುತ್ತಿದ್ದ, ಸಂಪರ್ಕ ಕಡಿದಿದೆಯೇನೋ ಎಂದು ಗೊಣಗುತ್ತಿದ್ದ. ಚಪ್ಪಾಳೆಯ ನಡುವೆಯೇ ಅವಳು ಹೊರಗೆ ಓಡಿದಳು.

ಜೈತುನ್‌ಬಿ ಮನೆಯಲ್ಲಿರಲಿಲ್ಲ. ಭಟ್ಟಿಯಲ್ಲಿ, ಒಲೆಯ ಬಾಯಿಯ ಪಕ್ಕದ ಗೋಡೆಗೆ ಒರಗಿದ್ದಳು. ಸೌಟಿನ ಹಿಡಿ ಇನ್ನೂ ಕೈಯಲ್ಲಿತ್ತು. ಬಾಣಲೆಯ ಕೊನೆಯ ಅಕ್ಕಿ ಸೀದು ಕಪ್ಪಾಗಿತ್ತು. ಸುತ್ತ ಹೆಂಗಸರು ನಿಂತಿದ್ದರು, ಯಾರೂ ಇನ್ನೂ ಅಳುತ್ತಿರಲಿಲ್ಲ.

"ಮನೀಲಿ ಇರ್ರಿ ಅಂದೆ, ಕೇಳಲಿಲ್ಲ. ಮೈಯೆಲ್ಲಾ ಹಗುರ ಐತೆ, ಸುಮ್ನೆ ಯಾಕ್ ಮಲಗ್ಲಿ ಅಂದ್ರು," ಎಂದಳು ಶಮೀಮ್. ಅವಳು ಜರಡಿಯನ್ನು ಹೊಟ್ಟೆಗೆ ಅವುಚಿಕೊಂಡಿದ್ದಳು. "ನಿದ್ದಿ ಬಂದೈತೆ ಅಂದ್ಕಂಡ್ವಿ ಮೇಡಂ. ಒಂದ್ ಸಲ ಕೆಮ್ಮಿದ್ರೂ ನಮಗೆ ಗೊತ್ತಾಗ್ತಿತ್ತಲ್ಲ. ಕೆಮ್ಮೇ ಇಲ್ಲ. ಏಳು ಅಂತ ಹೆಂಗನ್ಲಿ ನಾನು?"

ಹಾಲಮ್ಮ ಮಂಡಿಯೂರಿ ಕೂತಳು. ನಾಡಿ ನೋಡಿದಳು, ಎದೆ ಒತ್ತಿದಳು, ಕಲಿತದ್ದನ್ನೆಲ್ಲ ಮಾಡಿದಳು. ರವಿಕೆಯ ಒಳಗೆ ಪಟ್ಟಿಯ ಪುಟ್ಟ ದೀಪ ಇನ್ನೂ ಮಿಣುಕುತ್ತಿತ್ತು, ಸಭಾಂಗಣದಲ್ಲಿ ಪಾಲಾಕ್ಷಪ್ಪ ಇನ್ನೂ ಅಂಗಿ ಬಿಚ್ಚಿರಲಿಲ್ಲವಾದ್ದರಿಂದ. ಆ ಹೊತ್ತಿನಲ್ಲೂ ಅವರ ಆರಾಮು ಜೈತುನ್‌ಬಿಯ ಕತ್ತಿಗೆ ಬಂದು ತಲುಪುತ್ತಿತ್ತು.

ಸಮಿತಿ ಮುಂದಿನ ವಾರವೇ ಮತ್ತೆ ಸೇರಿತು. ಒಂದು ನಿಮಿಷ ಎದ್ದು ನಿಂತು ಮೌನ ಆಚರಿಸಿತು. ಹಾಲಮ್ಮ ಹೇಳಬೇಕಾದ್ದನ್ನೆಲ್ಲ ಹೇಳಿದಳು. ತನ್ನ ತಪ್ಪನ್ನು ಮೊದಲು ಹೇಳಿದಳು, ಶನಿವಾರ ಕಂಡ ಉಗುರಿನ ಬಣ್ಣವನ್ನೂ ಬಿಡಲಿಲ್ಲ. ಅಂಗಿ ಕಾಯಿಲೆಯನ್ನು ಹಂಚುವುದಿಲ್ಲ, ಕಾಯಿಲೆಯ ಸುದ್ದಿಯನ್ನು ಮಾತ್ರ ಅಡಗಿಸುತ್ತದೆ ಎಂದಳು. ಹೊಗೆ ನಿಲ್ಲಿಸಿ ಎಂದಳು.

ಪಾಲಾಕ್ಷಪ್ಪ ಪ್ರೀತಿಯಿಂದಲೇ ಕೇಳಿಸಿಕೊಂಡರು. "ನೀವು ನೊಂದ್ಕಬೇಡ್ರಿ ಮೇಡಂ. ಚಿಮಣಿ ಕೆಲಸ ನಿಧಾನಕ್ಕಾಗ್ತದೆ, ಅದಕ್ಕೆ ಮೇಲಿನ ಒಪ್ಪಿಗೆ ಬೇಕು, ಜಾಗದ ತಕರಾರು ಬೇರೆ. ಅಲ್ಲಿವರೆಗೂ ಆ ಹೆಣ್ಮಕ್ಳು ನರಳಬೇಕಾ? ಒಂದೊಂದು ಭಟ್ಟಿಗೂ ಜೋಡಿಯಂಗಿ ಕೊಡಿಸ್ತೀವಿ. ತೊಡೋಕೆ ಕಾಲೇಜು ಹುಡುಗ್ರು ನಾಮುಂದು ತಾಮುಂದು ಅಂತಿದಾರೆ." ಆಮೇಲೆ ದನಿ ತಗ್ಗಿಸಿದರು. "ಆ ತಾಯಿ ಹೋಗೋವಾಗ ಒಂಚೂರೂ ಕಷ್ಟಪಡಲಿಲ್ಲ. ಅಷ್ಟೂ ನಾನೇ ಹೊತ್ತಿದ್ದೆ. ಅದೊಂದು ಸಮಾಧಾನ ನಂಗೆ."

ಅವರ ಕಣ್ಣು ಮತ್ತೆ ತುಂಬಿತ್ತು. ಅದರಲ್ಲಿ ನಾಟಕ ಇರಲಿಲ್ಲ. ಹಾಲಮ್ಮನಿಗೆ ಅಂಥ ನಿಜವಾದ ಕಣ್ಣೀರಿನ ಮುಂದೆ ಎಂದೂ ಇಷ್ಟು ಭಯವಾಗಿರಲಿಲ್ಲ. ಹಿಂದಿನ ಸಾಲಿನಿಂದ ಭಟ್ಟಿಯ ಯಜಮಾನರೊಬ್ಬರು ಎದ್ದು, ಅಂಗಿಯಿಂದ ಕೆಲಸವೂ ಚುರುಕಾಗುತ್ತದೆ, ಖರ್ಚಿನಲ್ಲಿ ತಮ್ಮದೂ ಪಾಲಿರಲಿ ಎಂದರು. ನಿರ್ಣಯ ಪಾಸಾಯಿತು. ಹಾಲಮ್ಮನ ಕೋರ್ಸನ್ನು ಮಾದರಿ ಎಂದು ಘೋಷಿಸಿದರು.

ಮನೆಗೆ ಬಂದವಳು ಬಕ್ಕೇಶನ ಮುಂದೆ ಮಂಡಕ್ಕಿಯ ಡಬ್ಬಿ ನೋಡಿ ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟಳು. ಬಕ್ಕೇಶ ಡಬ್ಬಿಯ ಮುಚ್ಚಳ ಹಾಕಿ ಮೇಲಿನ ಶೆಲ್ಫಿಗೆ ಏರಿಸಿದ. ಅವತ್ತಿನಿಂದ ಆ ಮನೆಯಲ್ಲಿ ಮಂಡಕ್ಕಿ ತಿನ್ನುವುದು ನಿಂತಿತು. ಅದರಿಂದ ಯಾರಿಗೂ ಏನೂ ಉಪಯೋಗವಾಗಲಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ಸಂಸ್ಥೆಯ ಹಳೆಯ ಜೊತೆಯೊಂದರಲ್ಲಿ ಮಾತ್ರ ಅವಳು ಲೋಹಿತನಿಂದ ವಾಪಸ್ ದಾರಿಯನ್ನು ಕಡಿಸಿದಳು. ಅದರಲ್ಲಿ ಅಲ್ಲಿನ ಕಷ್ಟ ಇಲ್ಲಿಗೆ ಬರುತ್ತದೆ, ಇಲ್ಲಿನ ಆರಾಮು ಅಲ್ಲಿಗೆ ಹೋಗುವುದಿಲ್ಲ.

"ನಮ್ಮ ಕೈಲಿ ಇರೋದು ಇದೊಂದೇ ಮೇಡಂ," ಎಂದ ಲೋಹಿತ. "ಹೊಸವೆಲ್ಲ ಫ್ಯಾಕ್ಟರಿಯಿಂದ ನೇರ ಭಟ್ಟಿಗೆ ಹೋಗ್ತಿವೆ."

ಶಮೀಮ್ ಸಂಸ್ಥೆಗೆ ಬಂದದ್ದು ಕೂಸಿಗೆ ಕತ್ತು ನಿಂತ ಮೇಲೆ. ಕೂಸನ್ನು ತಾಯಿಯ ಹತ್ತಿರ ಬಿಟ್ಟು ಒಬ್ಬಳೇ ಬಂದಿದ್ದಳು. ಬಾಗಿಲಲ್ಲಿ ಅವಳನ್ನು ಕಂಡಾಗ ಹಾಲಮ್ಮ ಎದ್ದು ನಿಂತಳು. ಬೈಯಲಿ, ಶಾಪ ಹಾಕಲಿ, ಅತ್ತೆಯನ್ನು ಕೊಂದೆ ಎನ್ನಲಿ ಎಂದು ಎಷ್ಟೋ ದಿನದಿಂದ ಕಾಯುತ್ತಿದ್ದಳು. ಶಮೀಮ್ ಕುರ್ಚಿಯ ಅಂಚಿಗೆ ಕೂತು ಕೆಮ್ಮಿದಳು. ಕೆಮ್ಮು ನಿಲ್ಲಲು ಹೊತ್ತು ಹಿಡಿಯಿತು.

"ಅತ್ತೆಮ್ಮಂಗೆ ಹಾಕಿದ್ರಲ್ಲ ಮೇಡಂ, ಅದನ್ನ ನಂಗೂ ಹಾಕ್ರಿ."

"ಶಮೀಮ್..."

"ಬ್ಯಾರೆ ಭಟ್ಟಿಗೆಲ್ಲಾ ಬಂದೈತಿ. ನಮ್ಮದಕ್ಕೆ ಇನ್ನೂ ಬಂದಿಲ್ಲ. ಬಾಯಿಗೆ ನಾನೇ ಕುಂದ್ರಾದು ಈಗ."

"ಕೇಳಿಲ್ಲಿ. ಅದು ನಿನ್ನ ಕೆಮ್ಮು ತಿಂದುಹಾಕುತ್ತೆ. ಕೆಮ್ಮು ಬಂದ್ರೆ ನೀನು ಏಳ್ತೀಯ, ಜರಡಿಗೆ ಹೋಗ್ತೀಯ, ಕಿಟಕಿ ಹತ್ರ ಕೂರ್ತೀಯ. ಆ ಕೆಮ್ಮೇ ನಿನ್ನ ಕಾಯ್ತಿರೋದು."

"ಯಾರು ಏಳು ಅಂತಾರ್ರಿ ಮೇಡಂ?" ಶಮೀಮ್‌ಳ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಅಂಗಿ ಭಟ್ಟಿಯೋರು ಬೆಳಿಗ್ಗಿಂದ ಸಂಜಿತಂಕ ಏಳದೇ ಹುರೀತಾರೆ. ನಮ್ಮ ಸಾವ್ಕಾರು ಅದನ್ನ ನೋಡಿ ಜರಡಿಗೆ ಮಷೀನು ತಂದು ಕುಂದ್ರಿಸ್ಯಾರೆ. ಕೆಮ್ಮಿದ್ರೆ ಎದ್ದು ಎಲ್ಲಿಗೆ ಹೋಗ್ಲಿ?"

ಹಾಲಮ್ಮ ಕಪಾಟು ತೆರೆದಳು. ಅಲ್ಲಿದ್ದದ್ದು ಅದೊಂದೇ ಜೊತೆ, ದಾರಿ ಕಡಿದದ್ದು. ಇದು ನಿನಗೇನೂ ಕೊಡುವುದಿಲ್ಲ ಎಂದು ಹೇಳಬೇಕಿತ್ತು, ಹೇಳಲಿಲ್ಲ. ಶಮೀಮ್‌ಳ ಪಕ್ಕೆಗೆ ಪಟ್ಟಿ ಸುತ್ತಿ, ಕತ್ತಿಗೆ ಬಿಲ್ಲೆ ಅಂಟಿಸಿದಳು. ತಾನು ಅಂಗಿ ತೊಟ್ಟು ಕೊಕ್ಕೆ ಹಾಕಿಕೊಂಡಳು. ಗಾಳಿಚೀಲಗಳು ಉಬ್ಬಿ ಹಾಲಮ್ಮನ ಎದೆಯನ್ನು ಹಿಡಿದವು. ಶಮೀಮ್ ಕಣ್ಣು ಮುಚ್ಚಿ ಕಾದಳು. ಅವಳ ಮುಖದಲ್ಲಿ ಮೊದಲು ಆಸೆ ಇತ್ತು, ಆಮೇಲೆ ಅನುಮಾನ ಬಂತು.

"ಏನೂ ಆಗ್ಲಿಲ್ಲ ಮೇಡಂ. ಕೆಟ್ಟೈತೇನ್ರಿ?"

"ಹೂಂ," ಎಂದಳು ಹಾಲಮ್ಮ. "ಕೆಟ್ಟಿದೆ."

"ಆಮ್ಯಾಲೆ ಶುರುವಾಗಬಹುದು. ಇರ್ಲಿ, ಕಟ್ಕಂಡೇ ಹೋಗ್ತೀನಿ. ರಿಪೇರಿ ಮಾಡಿಸ್ರಿ ಮೇಡಂ, ಮರೀಬ್ಯಾಡ್ರಿ." ಕೆಮ್ಮುತ್ತ ಎದ್ದು ಹೋದಳು. ಅವಳು ಇಳಿದ ಒಂದೊಂದು ಮೆಟ್ಟಿಲೂ ಹಾಲಮ್ಮನ ಎದೆಯೊಳಗೆ ಗೊತ್ತಾಯಿತು.

ಮಧ್ಯಾಹ್ನ ಅಂಗಿ ತೊಟ್ಟೇ ತರಗತಿಗೆ ಹೋದಳು. ಕೊನೆಯ ವರ್ಷದ ಹುಡುಗರು. ಮುಂದಿನ ಬೆಂಚಿನಲ್ಲಿ ನಿಹಾರಿಕಾ. ಜೈತುನ್‌ಬಿ ಹೋದ ದಿನದಿಂದ ಆ ಹುಡುಗಿ ಅಂಗಿ ಮುಟ್ಟಿರಲಿಲ್ಲ. ಹಾಲಮ್ಮ ಬೋರ್ಡಿನ ಮೇಲೆ ಸಮಾನತೆ ಎಂದು ಬರೆದು, ತಿರುಗಿ ಮಾತಾಡಲು ಹೋದರೆ ಮಾತಿಗೆ ಬೇಕಾದಷ್ಟು ಗಾಳಿ ಸಿಗಲಿಲ್ಲ. ಶಮೀಮ್ ಒಲೆಯ ಬಾಯಿಗೆ ಕೂತಿರಬೇಕು.

"ಹೊರೆ ಹಂಚಿಕೊಳ್ಳೋದು... ಅಂತ ಅಂದ್ಕೊಂಡಿದ್ವಿ," ಎಂದಳು ತಡೆದು ತಡೆದು. "ಹೊರೆ ಇರೋದು... ಯಾಕೆ ಅಂತ..."

ಅಷ್ಟರಲ್ಲಿ ಗಂಟಲಿನ ಬುಡದಿಂದ ಕೆರೆತ ಎದ್ದಿತು. ಕೆಮ್ಮು ಬಂತು. ಅವಳದಲ್ಲದ ಕೆಮ್ಮು ಅವಳ ಬಾಯಿಂದಲೇ ಬಂತು. ಮೇಜು ಹಿಡಿದು ನಿಂತಳು. ಈಗ ಅಲ್ಲಿ ಯಾರಾದರೂ ಶಮೀಮ್‌ಗೆ ಏಳು ಎನ್ನಬೇಕು, ಅವಳು ಎದ್ದು ಕಿಟಕಿಗೆ ಹೋಗಬೇಕು, ಎದೆ ಸ್ವಲ್ಪ ಸಡಿಲಾಗಬೇಕು. ಹಾಲಮ್ಮ ಕಣ್ಣು ಮುಚ್ಚಿ ಆ ಸಡಿಲಕ್ಕಾಗಿ ಕಾದಳು. ಮತ್ತೆ ಕೆಮ್ಮು ಬಂತು, ಮತ್ತೂ ಬಂತು. ಯಾರೂ ಏಳು ಎನ್ನಲಿಲ್ಲ. ಭಾರ ಕೂತಲ್ಲಿಂದ ಅಲುಗಲಿಲ್ಲ.

"ಮೇಡಂ, ಬಿಚ್ಚಿ. ಮೇಡಂ, ಪ್ಲೀಸ್!" ನಿಹಾರಿಕಾ ಓಡಿ ಬಂದಳು.

ಬಿಚ್ಚಬಾರದು ಎಂದು ಹಾಲಮ್ಮ ಹಟ ಹಿಡಿದಳು. ಇಡೀ ತರಗತಿ ಮುಗಿಯುವವರೆಗೂ, ಇಡೀ ಸಂಜೆ, ಆ ಓಣಿಯ ಹೊಗೆ ನಿಲ್ಲುವವರೆಗೂ ಎಂದೆಲ್ಲ ಬೆಳಿಗ್ಗೆ ಮನಸ್ಸಿನಲ್ಲೇ ಶಪಥ ಮಾಡಿದ್ದಳು. ಆದರೆ ಗಾಳಿ ಸಾಲದಾದಾಗ ಮನುಷ್ಯರ ಕೈ ಶಪಥದ ಮಾತು ಕೇಳುವುದಿಲ್ಲ. ಅವಳ ಕೈ ತಾನಾಗಿಯೇ ಹೋಗಿ ಕೊಕ್ಕೆ ಬಿಚ್ಚಿತು. ಬಿಲ್ಲೆ ಕಿತ್ತಿತು. ಅಂಗಿ ಮೇಜಿನ ಮೇಲೆ ಬಿತ್ತು.

ಗಾಳಿ ತಣ್ಣಗೆ, ಧಾರಾಳವಾಗಿ ಎದೆಯೊಳಗೆ ಇಳಿಯಿತು. ಅದು ಎಷ್ಟು ಹಿತವಾಗಿತ್ತೆಂದರೆ ಅವಳಿಗೆ ನಾಚಿಕೆಯಿಂದ ಅಳು ಬಂತು. ನಿಹಾರಿಕಾ ನೀರು ಕೊಟ್ಟಳು, ಯಾರೋ ಫ್ಯಾನು ಜೋರು ಮಾಡಿದರು. ಹಾಲಮ್ಮ ನೀರು ಕುಡಿಯಲಿಲ್ಲ. ಎಲ್ಲರೂ ನೋಡುತ್ತಿದ್ದುದನ್ನೇ ಅವಳೂ ನೋಡುತ್ತ ಕೂತಳು. ಮೇಜಿನ ಮೇಲೆ, ಒಳಗೆ ಯಾರೂ ಇಲ್ಲದ ಅಂಗಿ ಉಬ್ಬುತ್ತಿತ್ತು, ಬಿಗಿಯುತ್ತಿತ್ತು, ಆಗಾಗ ಕೆಮ್ಮಿಗೆ ಅದುರುತ್ತಿತ್ತು.